ಸತ್ಯವಂತನ ಕುಲಾಭಿಮಾನ

ನಮ್ಮ ಪ್ರಾಚೀನ ಕಾವ್ಯನಾಯಕರಲ್ಲಿ ಹರಿಶ್ಚಂದ್ರನಷ್ಟು ಜನರ ಬಾಯಲ್ಲಿ ನೆಲೆಸಿದವರು ಕಡಮೆ. ಸುಳ್ಳಾಡಿ ಸಿಕ್ಕಿಬಿದ್ದವನನ್ನು 'ದೊಡ್ಡ ಸತ್ಯಹರಿಶ್ಚಂದ್ರ' ಎಂದು ಹಾಸ್ಯ ಮಾಡುತ್ತೇವೆ. ಸಾಲಕ್ಕಾಗಿ ಬೆನ್ನು ಬಿಡದೆ ಕಾಡುವವನನ್ನು ನಕ್ಷತ್ರಿಕನೆನ್ನುತ್ತೇವೆ. ಹರಿಕಥೆ, ಕಂಪನಿ ನಾಟಕ, 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿ ರಾಜಕುಮಾರ್ ಅಭಿನಯಿಸಿದ ಚಲನಚಿತ್ರ, ಎಲ್ಲವೂ ಅವನನ್ನು ಮನೆಮನೆಗೆ ಮುಟ್ಟಿಸಿವೆ. ಇಷ್ಟು ಪರಿಚಯವಾದವನಿಗೆ ಒಂದು ಅಪಾಯವುಂಟು. ಅವನ ಕಥೆ ಗೊತ್ತೇ ಇದೆಯೆಂದು ಕಾವ್ಯವನ್ನು ಓದುವುದನ್ನೇ ಬಿಟ್ಟುಬಿಡುತ್ತೇವೆ. ಓದಿದರೆ, ಹಂಪೆಯ ರಾಘವಾಂಕನು ಚಿತ್ರಿಸಿದ ಹರಿಶ್ಚಂದ್ರ ನಾವು ಗೋಡೆಗೆ ತೂಗುಹಾಕಿದ ಪಟದಂಥವನಲ್ಲ, ಕುಂದುಳ್ಳ ಮನುಷ್ಯ ಎಂಬುದು ತಿಳಿಯುತ್ತದೆ. ಆ ಕುಂದನ್ನು ಮುಚ್ಚಿಟ್ಟು ಓದಿದರೆ ಕಾವ್ಯದ ಅರ್ಧ ಸಾರ ಕೈಬಿಟ್ಟುಹೋಗುತ್ತದೆಂಬುದು ನನ್ನ ಅಭಿಪ್ರಾಯ.

ಹರಿಶ್ಚಂದ್ರನು ಹುಟ್ಟಿನಿಂದಲೇ ಸತ್ಯವಂತನಾಗಿರಲಿಲ್ಲ. ಐತರೇಯ ಬ್ರಾಹ್ಮಣದಲ್ಲಿ ನಮಗೆ ಸಿಕ್ಕುವ ಹರಿಶ್ಚಂದ್ರ, ಹುಟ್ಟುವ ಮಗನನ್ನೇ ನಿನಗೆ ಬಲಿಕೊಡುತ್ತೇನೆಂದು ವರುಣನಿಗೆ ಮಾತು ಕೊಟ್ಟು, ಮಗ ಹುಟ್ಟಿದ ಮೇಲೆ ಹಲ್ಲು ಬರಲಿ, ಹಲ್ಲು ಬೀಳಲಿ ಎಂದು ದಿನ ತಳ್ಳುವ ತಂದೆ. ಕೊನೆಗೆ ನೂರು ಹಸುಗಳಿಗೆ ಶುನಃಶೇಪನೆಂಬ ಬಡವರ ಹುಡುಗ ಮಾರಾಟವಾಗುತ್ತಾನೆ. ಮಾರ್ಕಂಡೇಯ ಪುರಾಣದ ವೇಳೆಗೆ ಅದೇ ಅರಸ ಮಾತಿಗಾಗಿ ರಾಜ್ಯವನ್ನೂ ಹೆಂಡತಿ ಮಕ್ಕಳನ್ನೂ ಬಿಟ್ಟುಕೊಡುವ ವ್ರತಿಯಾಗುತ್ತಾನೆ. 13ನೆಯ ಶತಮಾನದ ಆದಿಭಾಗದಲ್ಲಿ ಈ ಕಥೆ ರಾಘವಾಂಕನ ಕೈಗೆ ಬಂತು.

ಆಗ ಹಂಪೆಯೆಂದರೆ ವಿಜಯನಗರದ ರಾಜಧಾನಿಯಲ್ಲ. ಅದಕ್ಕೆ ಇನ್ನೂ ನೂರು ವರ್ಷ ತಡವಿತ್ತು. ಅದು ತುಂಗಭದ್ರೆಯ ದಡದ ಶಿವಕ್ಷೇತ್ರ. ಅಲ್ಲಿ ವಿರೂಪಾಕ್ಷನನ್ನಲ್ಲದೆ ಮನುಷ್ಯರನ್ನು ಹಾಡೆನೆಂದು ನಿಂತವನು ಹರಿಹರ. ಅವನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕ ಒಬ್ಬ ಅರಸನ ಮೇಲೆ ಕಾವ್ಯ ಬರೆದ. ಸಿಟ್ಟಾದ ಗುರು ಹೊಡೆದಾಗ ಶಿಷ್ಯನ ಹಲ್ಲುಗಳು ಉದುರಿದುವೆಂದೂ, ಶಿವಶರಣರ ಚರಿತ್ರೆಗಳನ್ನು ಬರೆದ ಮೇಲೆ ಮತ್ತೆ ಬಂದುವೆಂದೂ ಐತಿಹ್ಯ. ಹಲ್ಲಿನ ಕಥೆಯನ್ನು ನಂಬುವುದೂ ಬಿಡುವುದೂ ಅವರವರ ಇಚ್ಛೆ. ಅದರೊಳಗಿನ ಪ್ರಶ್ನೆ ಮಾತ್ರ ನಿಜವಾದದ್ದು: ದೇವರ ಮಹಿಮೆ ಇರುವಾಗ ಮನುಷ್ಯನ ಕಥೆ ಏತಕ್ಕೆ? ಸತ್ಯಕ್ಕೂ ಶಿವನಿಗೂ ಭೇದವಿಲ್ಲವೆಂದು ಸಾರಿ ರಾಘವಾಂಕನು ಗುರುವಿಗೆ ಉತ್ತರ ಕೊಟ್ಟನೆನ್ನಬಹುದು. ಆದರೆ ಮನುಷ್ಯನ ಕಥೆ ಬರೆಯಹೊರಟವನು ಮನುಷ್ಯನ ಕುಂದನ್ನೂ ಬರೆಯಲೇಬೇಕಾಗುತ್ತದೆ.

ಆ ಕುಂದು ಕಾಣುವುದು ಕಾವ್ಯದ ನಡುವೆ, ನಾವು ಕಥೆ ಹೇಳುವಾಗ ಬೇಗ ದಾಟಿಬಿಡುವ ಒಂದು ಸಂದರ್ಭದಲ್ಲಿ. ಬೇಟೆಗೆಂದು ಹೋಗಿ ವಿಶ್ವಾಮಿತ್ರನ ಆಶ್ರಮದ ಹತ್ತಿರ ತಂಗಿರುವ ಅರಸನ ಮುಂದೆ ಇಬ್ಬರು ಅನಾಮಿಕ ಕನ್ಯೆಯರು ಬಂದು ಹಾಡಿ ಕುಣಿಯುತ್ತಾರೆ. ಅವರು ಮುನಿಯ ಕೋಪದ ಸೃಷ್ಟಿ. ಅದು ಅರಸನಿಗೆ ತಿಳಿಯದು. ಮೆಚ್ಚಿ ಆಭರಣ ಕೊಟ್ಟರೆ ಅವರಿಗೆ ಬೇಡ. ಅವನ ಮುತ್ತಿನ ಸತ್ತಿಗೆ ಬೇಕು. ಅದು ವಂಶದಿಂದ ಬಂದದ್ದು, ಕೊಡಲಾಗದೆನ್ನುತ್ತಾನೆ. ಹಾಗಾದರೆ ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ಸೂರ್ಯವಂಶದವನಿಗೆ ಅಂತ್ಯಜ ಕನ್ಯೆಯರೇ ಎಂದು ಅವನು ಸಿಡಿದೇಳುತ್ತಾನೆ.

ಇಲ್ಲಿ ಕವಿ ಆ ಹೆಣ್ಣುಮಕ್ಕಳಿಂದ ಆಡಿಸುವ ಮಾತು ನಮ್ಮ ಹಳೆಯ ಸಾಹಿತ್ಯದ ದಿಟ್ಟ ವಾದಗಳಲ್ಲೊಂದು. ನಮ್ಮ ಹಾಡು ಕೇಳಿದ ಕಿವಿ ಮೈಲಿಗೆಯಾಗಲಿಲ್ಲ, ನಮ್ಮೊಡನೆ ಆಡಿದ ಬಾಯಿ ಮೈಲಿಗೆಯಾಗಲಿಲ್ಲ, ನಮ್ಮನ್ನು ನೋಡಿದ ಕಣ್ಣು ಆಗಲಿಲ್ಲ, ನಮ್ಮ ಕಡೆಯಿಂದ ಬೀಸಿದ ಗಾಳಿಯ ಕಂಪನ್ನು ಸವಿದ ಮೂಗು ಆಗಲಿಲ್ಲ. ಐದು ಇಂದ್ರಿಯಗಳಲ್ಲಿ ಮುಟ್ಟುವ ಇಂದ್ರಿಯವೊಂದು ಮಾತ್ರ ಉಳಿದ ನಾಲ್ಕಕ್ಕಿಂತ ಹೇಗೆ ಹೆಚ್ಚಾಯಿತು ಎಂಬುದು ಆ ವಾದದ ಸಾರಾಂಶ. ಇದಕ್ಕೆ ಅರಸನಲ್ಲಿ ಉತ್ತರವಿಲ್ಲ. ಅವನು ಮಾಡುವುದು ಹೊಡೆದಟ್ಟುವುದನ್ನು. ಆಗ ಬಂದ ವಿಶ್ವಾಮಿತ್ರ, ಇವರನ್ನು ಮದುವೆಯಾಗು, ಇಲ್ಲವೇ ರಾಜ್ಯ ಕೊಡು ಎನ್ನುತ್ತಾನೆ. ಹರಿಶ್ಚಂದ್ರನು ರಾಜ್ಯ ಕೊಡುತ್ತಾನೆ.

ಈ ಭಾಗವನ್ನು ಪಾಠ ಮಾಡುವಾಗ ತರಗತಿಯಲ್ಲಿ ನಾನು ಮತ್ತೆ ಮತ್ತೆ ಕೇಳಿರುವ ಆಕ್ಷೇಪವೊಂದುಂಟು: ಆ ಕನ್ಯೆಯರು ಮುನಿ ಒಡ್ಡಿದ ಬಲೆ, ಬಲೆಗೆ ಬೀಳದಿದ್ದುದು ಅರಸನ ಹಿರಿಮೆಯೇ ಹೊರತು ಕುಂದು ಹೇಗಾದೀತು? ಆಕ್ಷೇಪದಲ್ಲಿ ಹುರುಳಿದೆ. ಆದರೆ ಬರಿಯ ಬಲೆಯಾಗಿದ್ದರೆ ಆ ಹೆಣ್ಣುಗಳಿಗೆ ರೂಪವಷ್ಟೇ ಸಾಕಾಗಿತ್ತು. ಅರಸ ಉತ್ತರಿಸಲಾರದ ವಾದವನ್ನು ಕವಿ ಅವರ ಬಾಯಿಗೆ ಕೊಟ್ಟದ್ದೇಕೆ? ಕಾಲವನ್ನೂ ನೆನೆಯಬೇಕು. 1160ರ ದಶಕದ ಕಲ್ಯಾಣದಲ್ಲಿ ಹರಳಯ್ಯ ಮಧುವರಸರ ಮನೆಗಳ ನಡುವಣ ವಿವಾಹದಿಂದಲೇ ಉತ್ಪಾತವಾಯಿತೆಂಬುದು ಶರಣ ಪರಂಪರೆಯ ನೆನಪು. ಬಸವಣ್ಣನ ಚರಿತೆಯನ್ನು ರಗಳೆಯಾಗಿ ಹಾಡಿದ ಹರಿಹರನ ಶಿಷ್ಯನು, ಕುಲ ಮೀರಿದ ಮದುವೆಯ ಪ್ರಶ್ನೆಯನ್ನು ಏನೂ ಅರಿಯದೆ ಕಾವ್ಯದೊಳಕ್ಕೆ ತಂದನೆಂದು ನಾನು ನಂಬಲಾರೆ.

ಹಾಗೆಂದು ರಾಘವಾಂಕನು ಅರಸನನ್ನು ಖಂಡಿಸುತ್ತಾನೆಯೆ? ಇಲ್ಲ. ಅವನು ಕಥೆಯನ್ನು ಮುಂದುವರಿಸುತ್ತಾನೆ. ತೀರ್ಪು ಕಥೆಯ ನಡೆಯಲ್ಲೇ ಇದೆ. ಮುನಿಯ ಸಾಲ ತೀರಿಸಲು ಕಾಶಿಯಲ್ಲಿ ಚಂದ್ರಮತಿಯನ್ನೂ ಲೋಹಿತಾಶ್ವನನ್ನೂ ಬ್ರಾಹ್ಮಣನಿಗೆ ಮಾರಿದ ಮೇಲೆ ಅರಸನನ್ನು ಕೊಳ್ಳಲು ಬರುವವನು ಯಾರು? ಸುಡುಗಾಡಿನ ಒಡೆಯ, ಅಂತ್ಯಜ ವೀರಬಾಹುಕ. ಯಾವ ಕುಲದವರಿಗೆ ಸತ್ತಿಗೆಯ ನೆರಳನ್ನೂ ಕೊಡಲಾರೆನೆಂದನೋ ಅದೇ ಕುಲದವನ ಆಳಾಗಿ ಸತ್ಯವಂತನು ಹೆಣ ಕಾಯುತ್ತಾನೆ.

ಇನ್ನು ಆ ಇರುಳು. ಒಡೆಯನ ಮನೆಯ ಕೆಲಸಕ್ಕೆ ಹೋದ ಬಾಲಕ ಹಾವು ಕಚ್ಚಿ ಸತ್ತಿದ್ದಾನೆ. ತಾಯಿ ಒಬ್ಬಳೇ ಹೊತ್ತು ತಂದು ಸುಡಲು ತೊಡಗಿದರೆ ಕಾವಲುಗಾರ ತಡೆಯುತ್ತಾನೆ: ನೆಲದ ತೆರೆ ಕೊಡು, ಶವದ ಬಟ್ಟೆ ಕೊಡು. ಏನೂ ಇಲ್ಲವೆಂದರೆ ಕೊರಳ ತಾಳಿಯನ್ನು ತೋರಿಸುತ್ತಾನೆ. ಗಂಡನಲ್ಲದೆ ಬೇರಾರಿಗೂ ಕಾಣದ ತಾಳಿ ಅದು. ಹಾಗೆ ಗುರುತು ಹತ್ತುತ್ತದೆ. ಇಬ್ಬರೂ ಅಳುತ್ತಾರೆ. ಆದರೂ ಅವನು ತೆರೆಯನ್ನು ಬಿಡುವುದಿಲ್ಲ. ನಿನ್ನ ಒಡೆಯನನ್ನು ಕೇಳಿ ತಾ ಎಂದು ಕಳುಹಿಸುತ್ತಾನೆ.

ಇದು ಕ್ರೌರ್ಯವಲ್ಲವೆ? ಸತ್ಯವು ಅವನದು, ಬೆಲೆ ತೆತ್ತವರು ಹೆಂಡತಿ ಮಗ ಎಂಬ ಮಾತನ್ನು ಅಲ್ಲಗಳೆಯಲು ನನಗೆ ಸಾಧ್ಯವಿಲ್ಲ. ಚಂದ್ರಮತಿಯ ಗೋಳನ್ನು ಅಷ್ಟು ವಿಸ್ತರಿಸಿ ಬರೆದ ಕವಿಗೂ ಅದು ಗೊತ್ತಿತ್ತು. ಆದರೆ ಅಲ್ಲಿ ಇನ್ನೊಂದೂ ನಡೆಯುತ್ತಿದೆ. ಆ ತೆರೆ ವೀರಬಾಹುಕನ ಹಕ್ಕು. ಕತ್ತಲಲ್ಲಿ, ಯಾರೂ ನೋಡದ ಕಡೆ, ಸತ್ತ ಮಗನ ಮುಂದೆ ನಿಂತು, ಕೀಳೆನಿಸಿಕೊಂಡವನ ಒಂದು ಕಾಸನ್ನೂ ಅವನು ಕದಿಯಲೊಲ್ಲ. ಕನ್ಯೆಯರ ವಾದಕ್ಕೆ ಅರಸನ ನಾಲಿಗೆ ಕೊಡದಿದ್ದ ಒಪ್ಪಿಗೆಯನ್ನು ಆಳಿನ ದುಡಿಮೆ ಕೊಟ್ಟಿದೆಯೆಂದು ನನಗೆ ತೋರುತ್ತದೆ. ಆ ಹಕ್ಕು ಕಾಶಿಯ ಬ್ರಾಹ್ಮಣನದಾಗಿದ್ದರೆ ಅವನು ಇದಕ್ಕಿಂತ ಹೆಚ್ಚು ಕಟ್ಟುನಿಟ್ಟಾಗಿರುತ್ತಿದ್ದನೆ? ಇಲ್ಲ.

ಆದರೂ ನಾಲಿಗೆ ಕೊನೆತನಕ ಸೋಲಲಿಲ್ಲವೆಂಬುದನ್ನು ಮರೆಯಬಾರದು. ಕೊಲೆಯ ಅಪವಾದ ಹೊತ್ತ ಹೆಂಡತಿಯ ತಲೆ ಕಡಿಯಲು ಅವನೇ ಕತ್ತಿ ಎತ್ತಿ ನಿಂತಾಗ, ಈಗಲಾದರೂ ಆ ಕನ್ಯೆಯರನ್ನು ಮದುವೆಯಾಗು, ಎಲ್ಲವನ್ನೂ ಹಿಂದಕ್ಕೆ ಕೊಡುತ್ತೇನೆನ್ನುತ್ತಾನೆ ಮುನಿ. ಮತ್ತೆ ಇಲ್ಲವೆನ್ನುತ್ತಾನೆ. ವಿಶ್ವನಾಥ ಪ್ರತ್ಯಕ್ಷನಾಗಿ, ಮಗ ಎದ್ದು, ರಾಜ್ಯ ಮರಳುತ್ತದೆ. ಕನ್ಯೆಯರ ಪ್ರಶ್ನೆ ಮಾತ್ರ ಉತ್ತರವಿಲ್ಲದೆ ಉಳಿಯುತ್ತದೆ. ಗ್ರೀಕರ ನಾಟಕಗಳ ನಾಯಕರಲ್ಲಿ ಗುಣವೂ ದೋಷವೂ ಒಂದೇ ಬೇರಿನಿಂದ ಬರುವುದನ್ನು ಕಾಣುತ್ತೇವೆ. ಬಿ. ಎಂ. ಶ್ರೀಯವರು ಆ ಕಣ್ಣಿನಿಂದಲೇ ನಾಗಚಂದ್ರನ ರಾವಣನಲ್ಲಿ ದುರಂತನಾಯಕನನ್ನು ಕಂಡರು. ಹರಿಶ್ಚಂದ್ರನ ಕಥೆ ದುರಂತವಲ್ಲ. ಆದರೆ ಮಾತಿಗೆ ತಪ್ಪದಂತೆ ಅವನನ್ನು ಹಿಡಿದಿಟ್ಟ ಹಟವೇ ಕುಲಕ್ಕೂ ಅವನನ್ನು ಕಟ್ಟಿಹಾಕಿತ್ತು. ಒಂದನ್ನು ಪೂಜಿಸಿ ಇನ್ನೊಂದಕ್ಕೆ ಕಣ್ಣು ಮುಚ್ಚುವುದು ವಿಮರ್ಶೆಯಲ್ಲ.

ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕ ನೋಡಿ, ಎಲ್ಲರೂ ಅವನಂತೆ ಏಕೆ ಸತ್ಯವಂತರಾಗಬಾರದೆಂದು ಹಗಲಿರುಳು ಯೋಚಿಸಿದುದಾಗಿ ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಬಾಲಕನೇ ದೊಡ್ಡವನಾಗಿ, ಅಸ್ಪೃಶ್ಯತೆ ಉಳಿದರೆ ಸತ್ಯಕ್ಕೆ ಅರ್ಥವಿಲ್ಲವೆಂಬಂತೆ ಬಾಳಿದರು. ಅರಸ ಉತ್ತರಿಸದ ಪ್ರಶ್ನೆಯನ್ನು ಅವನ ಭಕ್ತರೊಬ್ಬರು ಕೈಗೆತ್ತಿಕೊಂಡರೆನ್ನಬಹುದು.

ಈ ಕಾವ್ಯವನ್ನು ಓದಲು ಇಂದು ಸೌಕರ್ಯಗಳಿಗೆ ಕೊರತೆಯಿಲ್ಲ. ಟಿ. ಎಸ್. ವೆಂಕಣ್ಣಯ್ಯ, ಎ. ಆರ್. ಕೃಷ್ಣಶಾಸ್ತ್ರಿಗಳ ಸಂಗ್ರಹ ಬಹುಕಾಲದಿಂದ ಇದೆ. ಕನ್ನಡ ಬಾರದವರಿಗೆ ವನಮಾಲಾ ವಿಶ್ವನಾಥರ ಇಂಗ್ಲಿಷ್ ಅನುವಾದ 2017ರಲ್ಲಿ ಬಂದಿದೆ. ವಾರ್ಧಕ ಷಟ್ಪದಿಯ ಓಟ ಹಳಗನ್ನಡದ ಅಭ್ಯಾಸ ತಪ್ಪಿದವರನ್ನೂ ಎಳೆದುಕೊಂಡು ಹೋಗುತ್ತದೆ. ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಸುಡುಗಾಡಿನ ಇರುಳನ್ನು ಓದಿ ಕಣ್ಣೀರು ಹಾಕುವ ಮೊದಲು, ಆಶ್ರಮದ ಬಳಿ ಆ ಇಬ್ಬರು ಕನ್ಯೆಯರು ಕೇಳಿದ್ದನ್ನು ಒಮ್ಮೆ ನಿಧಾನವಾಗಿ ಓದಿರಿ. ಅರಸನ ಕಣ್ಣೀರು ಎಷ್ಟು ದೂರದಿಂದ ಬಂದದ್ದೆಂಬುದು ಆಗ ತಿಳಿಯುತ್ತದೆ.