ಸುಡುವ ಮುನ್ನ ಒಂದು ಚೂರು

ಒಡಿಶಾದ ಸಿಮ್ಲಿಪಾಲದ ಕಪ್ಪು ಹುಲಿಗಳ ಗುಟ್ಟನ್ನು 2021ರಲ್ಲಿ ಬಿಡಿಸಿದ್ದು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್ ಅವರ ತಂಡ. ಟಾಕ್‌ಪೆಪ್ ಎಂಬ ಜೀನ್‌ನಲ್ಲಿ ಆದ ಒಂದು ಸಣ್ಣ ಬದಲಾವಣೆಯಿಂದ ಈ ಕಪ್ಪು ಹುಲಿಗಳ ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಬೆರೆತಿವೆ. ಮೃಗಾಲಯದ ಹುಲಿಗಳ ಕುಟುಂಬವೃಕ್ಷ ದಾರಿ ತೋರಿಸಿತು. ಕಾಡಿನ ಹುಲಿಗಳ ಬಗ್ಗೆ ಸಾಕ್ಷಿ ಹೇಳಿದ್ದು ಮುಖ್ಯವಾಗಿ ಮಲ ಮತ್ತು ಉದುರಿದ ಕೂದಲು. ಬೇರೆ ಯಾವ ಕಾಡಿನ ಹುಲಿಯಲ್ಲೂ ಆ ಬದಲಾವಣೆ ಕಾಣಲಿಲ್ಲ. ಸಿಮ್ಲಿಪಾಲದ ಹುಲಿಗಳು ಎಷ್ಟು ಒಂಟಿಯಾಗಿವೆ ಎಂಬ ಆತಂಕದ ಸಂಗತಿ ಹೊರಬಂದದ್ದು ಹೀಗೆ.

ಪ್ರಾಣಿಯನ್ನು ಮುಟ್ಟದೆ ಇಷ್ಟು ತಿಳಿಯಬಹುದಾದರೆ, ಬರೀ ಡಿಎನ್‌ಎಗಾಗಿ ಕಾಡಿನ ಹುಲಿಗೆ ಅರಿವಳಿಕೆ ಹೊಡೆಯುವುದು ತಪ್ಪು ಎಂದೇ ನನ್ನ ನಿಲುವು. ಆದರೆ ಮಲವನ್ನೇ ನೆಚ್ಚಿಕೊಂಡು ಕೂರುವಂತಿಲ್ಲ. ಅದರಲ್ಲಿ ಹುಲಿಯದ್ದೆಂದು ಸಿಗುವುದು ಕರುಳಿನಿಂದ ಕಳಚಿದ ಕೆಲವು ಜೀವಕೋಶ ಮಾತ್ರ. ಉಳಿದದ್ದು ತಿಂದ ಜಿಂಕೆಯದ್ದು, ಬ್ಯಾಕ್ಟೀರಿಯಾದ್ದು. ಒಂದು ಮಳೆ ಬಿದ್ದರೆ ಅದೂ ಹಾಳು. ಇಡೀ ಜೀನೋಮ್ ಚೆನ್ನಾಗಿ ಓದಬೇಕೆಂದರೆ ಇಂದಿಗೂ ರಕ್ತ ಅಥವಾ ಅಂಗಾಂಶವೇ ಮೇಲು.

ಅಂಗಾಂಶ ಸಿಗುವ ಅವಕಾಶ ಮರಣೋತ್ತರ ಪರೀಕ್ಷೆಯ ಮೇಜಿನ ಮೇಲಿದೆ. ಪರೀಕ್ಷೆ ಮುಗಿದ ಮೇಲೆ ಹುಲಿಯ ಕಳೇಬರವನ್ನು ಸುಟ್ಟುಬಿಡುತ್ತಾರೆ; ಕಳ್ಳಸಾಗಣೆ ತಡೆಯಲು ಅದು ಬೇಕಾದದ್ದೇ. ಅದಕ್ಕೂ ಮೊದಲು ತೆಗೆದ ಚೂರು ಯಾವ ಸೀಸೆಗೆ ಬಿತ್ತು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಫಾರ್ಮಲಿನ್‌ಗೆ ಬಿದ್ದರೆ ರೋಗ ಪತ್ತೆಗೆ ಅನುಕೂಲ, ಆದರೆ ಅದು ಡಿಎನ್‌ಎಯನ್ನು ತುಂಡರಿಸಿ ಗಂಟುಹಾಕುತ್ತದೆ. ಕಡಲೆಕಾಳಿನಷ್ಟು ಸ್ನಾಯುವನ್ನು ಗಾಢ ಎಥನಾಲ್‌ನಲ್ಲಿ ಮುಳುಗಿಸಿಟ್ಟರೆ ವರ್ಷಗಟ್ಟಲೆ ಕೆಲಸಕ್ಕೆ ಬರುತ್ತದೆ. ತುಂಡು ದೊಡ್ಡದಾದರೆ ಆಲ್ಕೋಹಾಲ್ ಒಳಗಿಳಿಯುವ ಮೊದಲೇ ನಡುಭಾಗ ಕೊಳೆಯುತ್ತದೆ.

ಮಾದರಿಯ ವಿವರ ಬರೆಯುವ ಚೀಟಿಯದ್ದು ಇನ್ನೂ ದೊಡ್ಡ ಸಮಸ್ಯೆ. ಬಾಲ್‌ಪೆನ್ನಿನ ಶಾಯಿ ಆಲ್ಕೋಹಾಲ್‌ಗೆ ಕರಗಿಹೋಗುತ್ತದೆ. ಪೆನ್ಸಿಲ್‌ನಲ್ಲೇ ಬರೆದು ಸೀಸೆಯೊಳಗೆ ಹಾಕಬೇಕು. ಕಾಡಿನ ಯಾವ ಗಸ್ತು ಭಾಗ (ಬೀಟು), ಯಾವ ದಿನ, ಗಂಡೋ ಹೆಣ್ಣೋ ಎಂಬುದು ಅಳಿಸಿಹೋದ ಮಾದರಿಯಿಂದ ಜಾತಿ ತಿಳಿದೀತು, ಆ ಕಾಡಿನ ಕಥೆ ತಿಳಿಯದು. ಸಿಮ್ಲಿಪಾಲದ ಅಧ್ಯಯನಕ್ಕೆ ತೂಕ ಬಂದದ್ದೇ ಯಾವ ಮಾದರಿ ಎಲ್ಲಿಯದು ಎಂಬುದು ಖಚಿತವಾಗಿದ್ದರಿಂದ. ಕೋಟಿಗಟ್ಟಲೆಯ ಸೀಕ್ವೆನ್ಸಿಂಗ್ ಯಂತ್ರಗಳಿಗೆ ಸಿಗುವ ಗಮನದ ಒಂದು ಪಾಲಾದರೂ ಪಶುವೈದ್ಯರ ಕಿಟ್‌ನಲ್ಲಿ ಎಥನಾಲ್ ಸೀಸೆ ಮತ್ತು ಪೆನ್ಸಿಲ್ ಇದೆಯೇ ಎಂಬುದಕ್ಕೂ ಸಿಗಬೇಕು.