ಎಣ್ಣೆ ಕುಡಿದ ಮೀನಿನ ಮೊಟ್ಟೆ

ಉಪ್ಪಲ್ಲಿ ಹದಗೊಂಡ ಮೀನಿನ ಮೊಟ್ಟೆಗೆ ಗ್ರೀಸಿನಲ್ಲಿ ತರಮಾ ಎನ್ನುತ್ತಾರೆ. ಹೆಚ್ಚಾಗಿ ಕಾಡ್ ಅಥವಾ ಕಾರ್ಪ್ ಮೀನಿನದು. ಸಾಸಿವೆ ಕಾಳಿನಷ್ಟು ತೆಗೆದು ನಾಲಿಗೆಗೆ ತಾಗಿಸಿದರೆ ಮೊದಲು ಉಪ್ಪು, ಆಮೇಲೂ ಉಪ್ಪು, ಎಷ್ಟೋ ಹೊತ್ತಿನ ಮೇಲೆ ಕಡಲ ರುಚಿ. ಹಾಗೇ ತಿನ್ನುವಂಥದ್ದಲ್ಲ. ಅದು ರೊಟ್ಟಿಗೆ ಬಳಿದು ತಿನ್ನುವ ತರಮೊಸಲಾತಾ ಆಗುವುದನ್ನು ನೋಡಬೇಕು.

ನೂರು ಗ್ರಾಂ ತರಮಾಕ್ಕೆ ಹಿಂದಿನ ದಿನದ ಬ್ರೆಡ್ಡು ನೂರೈವತ್ತು ಗ್ರಾಂ. ಅಂಚು ತೆಗೆದು, ನೀರಲ್ಲಿ ನೆನೆಸಿ, ಅಂಗೈಯಲ್ಲಿ ಅದುಮಿ ಹಿಂಡಬೇಕು. ಆಲೂಗಡ್ಡೆ ಹಾಕುವವರೂ ಇದ್ದಾರೆ. ಮಿಕ್ಸಿಯಲ್ಲಿ ತಿರುಗಿದ ಆಲೂಗಡ್ಡೆ ಅಂಟಂಟಾಗುತ್ತದೆ, ನನಗೆ ಬ್ರೆಡ್ಡೇ ಇಷ್ಟ. ಚೂರು ಈರುಳ್ಳಿಯ ಜೊತೆ ತರಮಾ ರುಬ್ಬಿ, ಬ್ರೆಡ್ಡು ಸೇರಿಸಿ, ಆಮೇಲೆ ಎಣ್ಣೆಗೆ ಕೈ ಹಾಕುವುದು.

ಅವಸರ ಸಲ್ಲದು. ಮೊದಲೆರಡು ಚಮಚ ಹನಿಹನಿಯಾಗಿ, ಆಮೇಲೆ ನೂಲೆಳೆಯಂತೆ, ನಡುನಡುವೆ ನಿಂಬೆರಸ. ಕೋಳಿಮೊಟ್ಟೆಯ ಹಳದಿಯಂತೆ ಮೀನಿನ ಮೊಟ್ಟೆಯಲ್ಲೂ ಎಣ್ಣೆಯನ್ನೂ ನೀರನ್ನೂ ಬೆಸೆಯುವ ಸತ್ವವಿದೆ. ಹನಿ ಒಡೆದು ಕಣವಾಗಿ, ಕಣ ಇನ್ನೂ ಒಡೆದು ಮುದ್ದೆಯೊಳಗೆ ತಂಗುತ್ತದೆ. ಮಿಕ್ಸಿಯ ಸದ್ದು ಭಾರವಾಗುತ್ತದೆ. ಮಂಕು ಕೇಸರಿ ತಿಳಿಯಾಗುತ್ತ, ನೋಡನೋಡುತ್ತ ದಂತದ ಬಿಳುಪಿಗೆ ತಿರುಗುತ್ತದೆ. ಬೆಣ್ಣೆ ಕಡೆಯುವವರಿಗೆ ಗೊತ್ತಿರುವ ಸುಖ ಇದು. ಇನ್ನೂರು ಮಿಲಿ ಎಣ್ಣೆ ಹೊಯ್ದರೂ ಮೇಲೆ ಒಂದು ಹನಿ ತೇಲುವುದಿಲ್ಲ. ಬರೀ ಆಲಿವ್ ಎಣ್ಣೆಯನ್ನು ಮಿಕ್ಸಿಯ ವೇಗಕ್ಕೆ ಸಿಕ್ಕಿಸಿದರೆ ಕಹಿ ಏಳುತ್ತದೆ. ಅದಕ್ಕೇ ನಾನು ಅರ್ಧ ಸೂರ್ಯಕಾಂತಿ ಎಣ್ಣೆ ಬೆರೆಸುತ್ತೇನೆ. ಒಮ್ಮೆ ಆತುರಪಟ್ಟು ಸುರಿದು ಒಡೆಸಿಕೊಂಡೆ. ಹಿಂಡಿದ ಬ್ರೆಡ್ಡು ತುಸು ಬೇರೆಯಾಗಿ ರುಬ್ಬಿಕೊಂಡು, ಒಡೆದದ್ದನ್ನು ಚಮಚಚಮಚವಾಗಿ ಅದಕ್ಕೆ ಸೇರಿಸಿದ ಮೇಲೆ ಕೂಡಿಬಂತು.

ಅಂಗಡಿಯಲ್ಲಿ ಸಿಗುವ ಕಡುಗುಲಾಬಿ ಸಾಮಾನ್ಯವಾಗಿ ಬೆರೆಸಿದ ಬಣ್ಣ. ಮಾಸಲು ಬಿಳುಪಿನ ಚೆಲುವು ಅದಕ್ಕೆಲ್ಲಿಂದ ಬರಬೇಕು!

ಗ್ರೀಕರ ಮನೆಗಳಲ್ಲಿ ಇದು ತಪ್ಪದೆ ಆಗುವುದು 'ಶುದ್ಧ ಸೋಮವಾರ'ದಂದು. ಆರ್ಥೊಡಾಕ್ಸ್ ಈಸ್ಟರಿಗೆ 48 ದಿನ ಮುಂಚೆ ಬರುವ ಆ ದಿನದಿಂದ ದೊಡ್ಡ ಉಪವಾಸ ಶುರು. ಮಾಂಸ, ಹಾಲು, ಕೋಳಿಮೊಟ್ಟೆ ಇಲ್ಲ. ರಕ್ತವಿರುವ ಮೀನೂ ಇಲ್ಲ. ಮೀನಿನ ಮೊಟ್ಟೆಗೆ ಮಾತ್ರ ಅಡ್ಡಿಯಿಲ್ಲ! ಏಕಾದಶಿಯ ಫಲಾಹಾರಕ್ಕೆ ಕಾದು ಕೂತು ಬೆಳೆದವರಿಗೆ ಈ ಉಪವಾಸದ ಸಡಗರವನ್ನು ವಿವರಿಸಬೇಕಿಲ್ಲ. ಅವತ್ತು ಅಥೆನ್ಸಿನ ಫಿಲೊಪಾಪ್ಪೊಸ್ ಗುಡ್ಡದ ಮೇಲೆ ಗಾಳಿಪಟಗಳು. ಬೇಕರಿಗಳಲ್ಲಿ ಲಗಾನಾ, ಎಳ್ಳು ಉದುರಿಸಿ ಬೆರಳಲ್ಲಿ ಗುಳಿ ಒತ್ತಿದ ಚಪ್ಪಟೆ ರೊಟ್ಟಿ.

ರುಬ್ಬುವ ಮುಂಚೆ ನಾನು ಒಂದು ಚಮಚ ತರಮಾ ಎತ್ತಿಟ್ಟಿರುತ್ತೇನೆ. ಕೊನೆಗೆ ಅದನ್ನು ಕೈಯಲ್ಲೇ ಬೆರೆಸಿ, ಒಂದು ತಾಸು ತಣ್ಣಗಿಟ್ಟು, ತಟ್ಟೆಗೆ ಹರಡಿ ಚಮಚದ ಬೆನ್ನಿನಿಂದ ಸುಳಿ ಎಳೆಯುತ್ತೇನೆ. ಸುಳಿಯ ಗುಳಿಗೆ ಆಲಿವ್ ಎಣ್ಣೆ, ನಡುವೆ ಕಪ್ಪು ಆಲಿವ್ ಒಂದೇ ಒಂದು. ಬಿಸಿ ರೊಟ್ಟಿಯ ತುಣುಕಲ್ಲಿ ಬಳಿದು ಬಾಯಿಗಿಟ್ಟರೆ ಮೊದಲು ತಂಪು, ಮೆದು, ನಿಂಬೆಯ ಹುಳಿ. ಅಷ್ಟರಲ್ಲಿ ಹಲ್ಲಿನ ಸಂದಿಯಲ್ಲಿ ಎತ್ತಿಟ್ಟಿದ್ದ ಮೊಟ್ಟೆಯೊಂದು ಚಿಟಕ್ಕನೆ ಒಡೆಯುತ್ತದೆ.