ಪಟ್ಟಿಯಲ್ಲಿರುವ ಆಳು, ಅಂಕಣದಲ್ಲಿರುವ ಆಳು

ಆಟಗಾರನ ಎತ್ತರ, ತೂಕವನ್ನು ಮೊಬೈಲಿನಲ್ಲಿ ನೋಡಿಕೊಂಡು ವಾದಕ್ಕೆ ಬರುವ ಹುಡುಗರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೊನ್ನೆ ಒಬ್ಬ, ನಮ್ಮ ಭದ್ರಾವತಿಯಲ್ಲೇ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಐದಡಿ ಮೂರೋ ನಾಲ್ಕೋ ಅಂತ ನನ್ನನ್ನೇ ಪರೀಕ್ಷೆ ಮಾಡಿದ. ಎರಡೂ ಅಚ್ಚಾಗಿವೆ, ಯಾವುದು ಬೇಕೋ ತಗೋ ಅಂದೆ. ಕ್ರಿಕೆಟ್ಟಿನಲ್ಲಿ ಎತ್ತರಕ್ಕೆ ಮಿತಿ ಇಲ್ಲ, ಅಳೆಯಲೇಬೇಕೆಂಬ ಕಟ್ಟಳೆಯೂ ಇಲ್ಲ. ಒಬ್ಬ ಬರೆದದ್ದನ್ನು ಇನ್ನೊಬ್ಬ ಎತ್ತಿಕೊಳ್ಳುತ್ತಾನೆ, ದಾರಿಯಲ್ಲಿ ಒಂದಿಂಚು ಸೇರುತ್ತದೆ, ಉದುರುತ್ತದೆ.

ಹೊಸದಾಗಿ ಆಟ ನೋಡಲು ಬರುವವರು ಮೊದಲು ಮೈದಾನದಲ್ಲೇ ಇರುವ ಅಳತೆಗೋಲನ್ನು ಗುರುತಿಸಬೇಕು. ಸ್ಟಂಪು 28 ಇಂಚು. ಅದು ಯಾರ ಮುಲಾಜಿಗೂ ಬೆಳೆಯುವುದಿಲ್ಲ. ಬ್ಯಾಟ್ಸ್‌ಮನ್ ಸ್ಟ್ರೈಕಿನಲ್ಲಿದ್ದಾಗ ಬಗ್ಗಿರುತ್ತಾನೆ, ಆಗ ನೋಡಬೇಡಿ. ನಾನ್‌ಸ್ಟ್ರೈಕರ್ ತುದಿಯಲ್ಲಿ ಬ್ಯಾಟು ಊರಿಕೊಂಡು ನೆಟ್ಟಗೆ ನಿಂತಾಗ ನೋಡಿ. ಆರಡಿ ಆಳು ಎರಡೂವರೆ ಸ್ಟಂಪು ದಾಟುತ್ತಾನೆ. ವಿಶ್ವನಾಥ್ ಎರಡೂಕಾಲು, ಹೆಚ್ಚೆಂದರೆ ಕೂದಲೆಳೆ ಮೇಲೆ. ಅನುಮಾನವಿದ್ದರೆ ಸುನಿಲ್ ಗವಾಸ್ಕರ್ ಜೊತೆ ನಿಂತ ಯಾವುದಾದರೂ ಫೋಟೋ ಹುಡುಕಿ. ಗವಾಸ್ಕರ್ ಅವರ ಸಹೋದರಿಯನ್ನೇ ವಿಶ್ವನಾಥ್ ಮದುವೆಯಾಗಿದ್ದು, ಫೋಟೋಗಳಿಗೆ ಬರವಿಲ್ಲ. ಪಟ್ಟಿಯಲ್ಲಿ ಗವಾಸ್ಕರ್ ಐದಡಿ ಐದು. ಇಬ್ಬರ ಭುಜ ನೋಡಿದರೆ ಲೆಕ್ಕ ತಾನಾಗಿ ಸಿಗುತ್ತದೆ.

ಎತ್ತರ ತಿಳಿದು ಏನಾಗಬೇಕು? ಸ್ಕ್ವೇರ್ ಕಟ್ ಅರ್ಥವಾಗಬೇಕು! 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ಆಂಡಿ ರಾಬರ್ಟ್ಸ್ 64 ರನ್ನಿಗೆ ಏಳು ವಿಕೆಟ್ ಕಿತ್ತ. ಭಾರತ 190ಕ್ಕೆ ಆಲೌಟ್, ಅದರಲ್ಲಿ ವಿಶ್ವನಾಥ್ ಔಟಾಗದೆ 97. ನಾವು ಅದನ್ನು ನೋಡಿದವರಲ್ಲ, ರೇಡಿಯೋದಲ್ಲಿ ಕೇಳಿದವರು. ಎತ್ತರದವನ ಸೊಂಟಕ್ಕೆ ಬರುವ ಚೆಂಡು ಈ ಮನುಷ್ಯನ ಎದೆಗೆ ಬರುತ್ತದೆ. ಬೇರೆಯವರು ಮುಂದೆ ಬಂದು ತಡೆಯುವ ಲೆಂಗ್ತು ಇವರಿಗೆ ಹಿಂದೆ ಸರಿದು ಕಟ್ ಮಾಡಲು ಹೇಳಿ ಮಾಡಿಸಿದ ಲೆಂಗ್ತು. ಕುಳ್ಳಗಿದ್ದರೂ ಆಡಿದರು ಅಂತ ಹೊಗಳುವವರು ಆಟವನ್ನೇ ನೋಡಿಲ್ಲ. ಆ ಕಟ್ ಬಂದಿದ್ದೇ ಆ ಎತ್ತರದಿಂದ. ಸಿಕ್ಸರ್ ಎಷ್ಟು ಮೀಟರ್ ಹೋಯಿತು ಅಂತ ಕೇಳುವವರಿಗೆ ಇದನ್ನು ಹೇಳಿ ಸುಖವಿಲ್ಲ ಬಿಡಿ.

ಎತ್ತರದ ಸುಳ್ಳಿಗೆ ನಿಜವಾದ ತವರು ಅಮೆರಿಕ. ಅಲ್ಲಿನ ಬೇಸ್‌ಬಾಲ್ ಪಟ್ಟಿಗಳಲ್ಲಿ ಎಲ್ಲರೂ ಒಂದೆರಡು ಇಂಚು ಉದ್ದ ಎಂಬುದು ಹಳೇ ತಮಾಷೆ. 2026ರಿಂದ ಅಂಪೈರ್ ತೀರ್ಪನ್ನು ಪ್ರಶ್ನಿಸಿದಾಗ ಯಂತ್ರ ತೀರ್ಮಾನ ಹೇಳುವ ಪದ್ಧತಿ ಬಂದಿದೆ. ಚೆಂಡು ಬರಬೇಕಾದ ಚೌಕಟ್ಟಿನ ಮೇಲಂಚು ಬ್ಯಾಟರ್ ಎತ್ತರದ ಶೇ. 53.5ರಲ್ಲಿ, ಕೆಳ ಅಂಚು ಶೇ. 27ರಲ್ಲಿ. ಹಾಗಾಗಿ ಬೂಟು ಬಿಚ್ಚಿಸಿ, ಮಂಡಿ ನೆಟ್ಟಗೆ ಮಾಡಿಸಿ ಅಳೆದರು. ಕುಳ್ಳನಾದಷ್ಟೂ ಚೌಕಟ್ಟು ಕಿರಿದು, ಬ್ಯಾಟರ್‌ಗೆ ಲಾಭ. ನಿನ್ನೆಯವರೆಗೆ ಹಿಮ್ಮಡಿ ಎತ್ತುತ್ತಿದ್ದವರಿಗೆ ಈಗ ಕುಗ್ಗುವ ಆಸೆ ಬಂದರೆ ಆಶ್ಚರ್ಯವಿಲ್ಲ. ಬ್ಯಾಸ್ಕೆಟ್‌ಬಾಲಿನ ಎನ್‌ಬಿಎ 2019ರಲ್ಲೇ ಬೂಟಿಲ್ಲದ ಎತ್ತರ ಕೊಡಿ ಅಂತ ತಂಡಗಳಿಗೆ ತಾಕೀತು ಮಾಡಿತ್ತು.

ಎತ್ತರದ ಸುಳ್ಳು ಹೇಗೂ ಸಾಧು ಸುಳ್ಳು. ರುಚಿ ಇರುವುದು ತೂಕದಲ್ಲಿ.

ನಮ್ಮ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯ ಬ್ಯಾನರ್ ನೋಡಿರುತ್ತೀರಿ: ‘60 ಕೆ.ಜಿ. ವಿಭಾಗ’. ಸೀನಿಯರ್ ಗಂಡಸರ ಅಧಿಕೃತ ಕಬಡ್ಡಿಗೆ 85 ಕೆ.ಜಿ. ಮಿತಿ, ಊರ ಕಬಡ್ಡಿಗೆ ಊರ ಮಿತಿ. ನೀವು ರಾತ್ರಿ ಹತ್ತಕ್ಕೆ ಬಂದು, ಕಡ್ಲೆಕಾಯಿ ತಿನ್ನುತ್ತಾ, ರೈಡರ್ ಹಾರಿದಾಗ ಸಿಳ್ಳೆ ಹೊಡೆದು ಹೋಗುತ್ತೀರಿ. ಮುಖ್ಯ ಪ್ರಸಂಗವೇ ಮುಗಿದಿರುತ್ತದೆ. ಏಳಕ್ಕೇ ಬನ್ನಿ. ವೇದಿಕೆಯ ಪಕ್ಕ, ಯಾರದೋ ಅಂಗಡಿಯಿಂದ ತಂದ ತೂಕದ ಯಂತ್ರ ಇಟ್ಟಿರುತ್ತಾರೆ. ಅದರ ಹತ್ತಿರ ನಿಲ್ಲಿ.

ಅಲ್ಲಿ ಜರ್ಕಿನ್ ಮೇಲೆ ಜರ್ಕಿನ್ ಹಾಕಿಕೊಂಡು ಮೈದಾನ ಸುತ್ತುವ ಹುಡುಗ ಸಿಗುತ್ತಾನೆ. ಬೆಳಗಿನಿಂದ ನೀರು ಮುಟ್ಟಿರುವುದಿಲ್ಲ, ತುಟಿ ಬಿರಿದಿರುತ್ತದೆ, ಇರುವ ಎಂಜಲನ್ನೂ ಉಗುಳುತ್ತಿರುತ್ತಾನೆ. ಯಂತ್ರ 60.3 ತೋರಿಸುತ್ತದೆ. ಬನಿಯನ್ ಬಿಚ್ಚುತ್ತಾನೆ. ಕೈಗಡಿಯಾರ, ತಾಯತ, ಕೊನೆಗೆ ಬೆಳ್ಳಿ ಉಡಿದಾರ. ‘ನೆಲ ಸಮ ಇಲ್ಲ ಸಾರ್, ಮಿಷನ್ನು ಆ ಕಡೆ ಇಡಿ’ ಅಂತ ಅವನ ಕಡೆಯವರ ಗಲಾಟೆ. ಆ ಕಡೆ ಇಟ್ಟರೆ 60.1. ಆಯೋಜಕರು ಮುಖ ಮುಖ ನೋಡಿಕೊಂಡು ಕೈಗೆ ಸೀಲು ಒತ್ತುತ್ತಾರೆ. ಸೀಲು ಏಕೆಂದರೆ, ತೂಕಕ್ಕೆ ತಮ್ಮ ನಿಂತು ಆಟಕ್ಕೆ ಅಣ್ಣ ಇಳಿದ ಉದಾಹರಣೆಗಳಿವೆ. ಸೀಲು ಬಿದ್ದ ಮರುಕ್ಷಣ ಹುಡುಗ ಎಲ್ಲಿಗೆ ಹೋಗುತ್ತಾನೆ ನೋಡಿ. ಎಗ್‌ರೈಸ್ ಗಾಡಿಗೆ. ಒಂದು ಬಾಟಲಿ ನೀರು, ಎರಡು ಬಾಳೆಹಣ್ಣು, ಮೇಲೊಂದು ಪ್ಲೇಟು.

ನನ್ನ ಕಣ್ಣು ತೆರೆದದ್ದು ಇಲ್ಲೇ. ಭದ್ರಾವತಿಯ ಕನಕಮಂಟಪದ ಮೈದಾನದಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯರೊಬ್ಬರು ಕಾರ್ಖಾನೆಯ ವೇಬ್ರಿಡ್ಜಿನಲ್ಲಿ ಕೆಲಸ ಮಾಡಿದವರು. ನಮ್ಮೂರ ಸಣ್ಣ ಹುಡುಗರನ್ನು ಎದುರಾಳಿಗಳು ಎಳೆದು ಬಿಸಾಕುತ್ತಿದ್ದಾಗ, ಎರಡೂ ತಂಡ ಅರವತ್ತೇ ಅಲ್ವಾ ಮಾವ, ಹೀಗ್ಯಾಕೆ ಅಂತ ಕೇಳಿದೆ. ‘ಲಾರೀನ ಎರಡು ಸಲ ತೂಗ್ತೀವಿ ಕಣೋ, ಖಾಲಿ ಒಂದ್ಸಲ, ಲೋಡಾದ್ಮೇಲೆ ಒಂದ್ಸಲ. ಇವ್ರನ್ನ ಖಾಲೀಲಿ ತೂಗಿ ಬಿಟ್ಬಿಟ್ಟವ್ರೆ’ ಅಂದರು. ಅಲ್ಲಿಂದಾಚೆಗೆ ನಾನು ಕಬಡ್ಡಿಯನ್ನು ಬೇರೆ ಥರ ನೋಡತೊಡಗಿದೆ. ಸೀಲು ಬಿದ್ದದ್ದು ಎರಡು ನಿಮಿಷದ ತೂಕಕ್ಕೆ. ಆಡುವ ತೂಕ ಇನ್ನೊಂದು.

ಹಾಗಾದರೆ ಏನು ನೋಡಬೇಕು? ಮೊದಲ ಪಂದ್ಯದಲ್ಲಿ ಹುಟ್ಟಾ 58ರ ಹುಡುಗನಿಗೇ ಮೇಲುಗೈ. 64ರಿಂದ ಇಳಿದು ಬಂದವನ ಕೆನ್ನೆ ಗುಳಿ ಬಿದ್ದಿರುತ್ತದೆ, ಮೂರನೇ ರೈಡಿಗೆ ‘ಕಬಡ್ಡಿ ಕಬಡ್ಡಿ’ ಒಣಗುತ್ತದೆ, ತಿರುಗುವಾಗ ಮೀನಖಂಡ ಹಿಡಿದುಕೊಳ್ಳುತ್ತದೆ. ಆಗ ಇವನೇನು ಆಡ್ತಾನೆ ಅಂತ ನಗಬೇಡಿ. ಅವನ ತಂಡ ಹೇಗೋ ಎರಡು ಸುತ್ತು ದಾಟಲಿ, ನಡುರಾತ್ರಿ ಕಳೆದು ಸೆಮಿಫೈನಲ್ ಬರಲಿ. ಕುಡಿದ ನೀರು, ತಿಂದ ಅನ್ನ ಮೈಗೆ ಹತ್ತಿ, ಅದೇ ಹುಡುಗ ಕಾರ್ನರ್‌ನಲ್ಲಿ ಆಂಕಲ್ ಹಿಡಿದರೆ ರೈಡರ್ ಗೆರೆ ಕಡೆ ಒಂದು ಮೊಳವೂ ಜರುಗುವುದಿಲ್ಲ. ಗೆರೆಯ ಹತ್ತಿರ ಯಾರು ಯಾರನ್ನು ಎಳೆಯುತ್ತಿದ್ದಾರೆ ನೋಡಿ, ಅದೇ ಎರಡನೇ ತೂಕ. ಟಿವಿಯಲ್ಲಿ ಪ್ರೊ ಕಬಡ್ಡಿ ನೋಡಿ ಕಲಿತವರಿಗೆ ರೈಡರ್ ಮಾತ್ರ ಕಾಣುತ್ತಾನೆ. ಕಾರ್ನರ್‌ನವನ ಹಿಮ್ಮಡಿ ಮ್ಯಾಟಿನಲ್ಲಿ ಊರುವುದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಎರಡು ಸಲ ತೂಗಿದರೆ ಏನಾಗುತ್ತದೆ ಎಂಬುದನ್ನು 2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಲೋಕವೇ ನೋಡಿತು. ಒಲಿಂಪಿಕ್ ಕುಸ್ತಿಯಲ್ಲಿ ಎರಡನೇ ದಿನವೂ ತೂಗುತ್ತಾರೆ. 50 ಕೆ.ಜಿ. ವಿಭಾಗದ ವಿನೇಶ್ ಫೋಗಟ್ ಮೊದಲ ದಿನ ತೂಕ ಕೊಟ್ಟು, ಗೆದ್ದು, ಫೈನಲ್ ತಲುಪಿದರು. ಮರುದಿನ ಬೆಳಗ್ಗೆ 100 ಗ್ರಾಂ ಹೆಚ್ಚು, ಅನರ್ಹ. ರಾತ್ರಿಯೆಲ್ಲಾ ಬೆವರಿಳಿಸಿ, ಕೂದಲು ಕತ್ತರಿಸಿದರೂ ಆಗಲಿಲ್ಲ. ಟಿವಿ ಮುಂದೆ ಕೂತು ‘ನೂರು ಗ್ರಾಂ ಇಳಿಸೋಕಾಗಲ್ವಾ’ ಅಂದವರು ಒಂದು ಸಂಜೆ ನಮ್ಮ ಯಂತ್ರದ ಪಕ್ಕ ನಿಲ್ಲಬೇಕಿತ್ತು.

ಇನ್ನು ನಾಡಕುಸ್ತಿ. ಅಲ್ಲೂ ಈಗೀಗ ತೂಕದ ವಿಭಾಗಗಳು, ಪಾಯಿಂಟುಗಳು ಬಂದಿವೆ, ಅದರ ಬಗ್ಗೆ ನನಗೆ ಹೆಚ್ಚು ಹೇಳಲು ಮನಸ್ಸಿಲ್ಲ. ಆದರೆ ಹಳೇ ರೀತಿಯಲ್ಲಿ ಜೋಡಿ ಕಟ್ಟುವುದನ್ನು ಒಮ್ಮೆ ನೋಡಿ. ಉಸ್ತಾದರು ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾರೆ. ಕತ್ತು, ಮುಂಗೈ, ತೊಡೆ, ಕಿವಿ, ಇಷ್ಟು ನೋಡುತ್ತಾರೆ. ಕಿವಿ ಮುದುಡಿದ್ದರೆ ಮಟ್ಟಿಯಲ್ಲಿ ವರ್ಷಗಟ್ಟಲೆ ಹೊರಳಿದವನು, ತೂಕ ಕಮ್ಮಿ ಇದ್ದರೂ ದೊಡ್ಡವನ ಮುಂದೆ ನಿಲ್ಲಬಲ್ಲ. ಯಂತ್ರ ಕಿವಿ ನೋಡುವುದಿಲ್ಲ. ತಪ್ಪಿದರೆ ತಿದ್ದಲು ಸುತ್ತ ಕೂತ ಜನ ಇದ್ದಾರೆ. ‘ಜೋಡಿ ಸರಿ ಇಲ್ಲ’ ಅಂತ ಹಿಂದಿನ ಸಾಲಿನಿಂದ ಕೂಗು ಬರುತ್ತದೆ, ಉಸ್ತಾದರು ಮತ್ತೆ ನೋಡುತ್ತಾರೆ, ಕೆಲವೊಮ್ಮೆ ಬದಲಾಯಿಸುತ್ತಾರೆ. ಮುಂದಿನ ಸಲ ಶಿವಮೊಗ್ಗದಲ್ಲಿ ಕುಸ್ತಿ ನಡೆದಾಗ ಕುಸ್ತಿ ಶುರುವಾಗುವುದಕ್ಕೆ ಮುಂಚೆ ಹೋಗಿ, ಫೋನು ಜೇಬಿನಲ್ಲಿಟ್ಟುಕೊಂಡು, ಆ ಹಿಂದಿನ ಸಾಲಿನಲ್ಲಿ ಕೂಗುವವರ ಪಕ್ಕ ಜಾಗ ಹಿಡಿಯಿರಿ.